ಸೋರಬೇಕಾದ ಹಂದರ

2025ರ ಅಕ್ಟೋಬರ್ 6, ಸೋಮವಾರ ಸಂಜೆ ಯಹೂದಿಗಳ ಸುಕ್ಕೋತ್ ಹಬ್ಬ ಆರಂಭವಾಯಿತು. ಅದೇ ದಿನ ಬೆಳಿಗ್ಗೆ ನಾನು ಧಾರವಾಡದಿಂದ ದಾಂಡೇಲಿಗೆ ಹೊರಟೆ. ಹಬ್ಬಕ್ಕೆ ಕರೆದವರು ಹನ್ನಾಬಾಯಿ. ಠಾಣೆ ನಗರದ ಮರಾಠಿ ಮಾತಾಡುವ ಯಹೂದಿ ಮನೆತನದವರು, ನಿವೃತ್ತ ಶಿಕ್ಷಕಿ. ದಾಂಡೇಲಿಯಲ್ಲಿ ನರ್ಸ್ ಆಗಿರುವ ಮಗಳ ಮನೆಯಲ್ಲಿದ್ದಾರೆ.

ಹಳಿಯಾಳದಲ್ಲಿ ಗಿರ್ಮಿಟ್ಟು, ಚಹಾ ಮುಗಿಸಿ ಬಸ್ ಬದಲಿಸಿದೆ. ಸೀಗಿ ಹುಣ್ಣಿಮೆ. ತೇರಗಾಂವದ ಬಸ್ಸಿಗೆ ಹೆಂಗಸರು ಬುತ್ತಿಯ ಬುಟ್ಟಿ ಹಿಡಿದು ನಿಂತಿದ್ದರು, ಹೊಲದ ಪೂಜೆಗೆ. ಮುಂದೆ ಕಾಡು ಶುರುವಾಗುತ್ತಿದ್ದಂತೆ ಮೋಡ ಕವಿಯಿತು.

ದಾಂಡೇಲಿ ಮುಟ್ಟಿದಾಗ ಹನ್ನಾಬಾಯಿಯ ಮನೆಯ ಹಿತ್ತಲಲ್ಲಿ ಬಿದಿರು, ತೆಂಗಿನ ಗರಿ ಬಿದ್ದಿದ್ದವು. ಈ ಕಾಲದಲ್ಲಿ ತಮ್ಮವರು ತಪ್ಪಿಗೆ ಕ್ಷಮೆ ಕೇಳುತ್ತಾರೆ, ಉಪವಾಸ ಮಾಡುತ್ತಾರೆ, ಹೊಸದೇನಾದರೂ ಕಲಿಯುತ್ತಾರೆ ಎಂದರು ಹನ್ನಾಬಾಯಿ. ಆಮೇಲೆ ಏಳು ದಿನ ಹಂದರದಲ್ಲಿ ಊಟ. ಅದರ ಮಾಡು ಬರೀ ಸೊಪ್ಪು, ಗರಿಯದು. ಸಂದಿಯಿಂದ ಆಕಾಶ ಕಾಣಬೇಕು. ಸೂರ್ಯ ಮುಳುಗಿದ ಮೇಲೆ ಕಟ್ಟುವಂತಿಲ್ಲ.

“ಅಪ್ಪ ಕಟ್ಟತಿದ್ರು, ಆಮ್ಯಾಲೆ ಅಣ್ಣ. ನಾ ಹಣ್ಣು ತೂಗಹಾಕಿದ್ದಷ್ಟ. ಈ ಸಲ ಗಂಟು ನಂದ.”

ಗಂಟು ಹಾಕುವುದನ್ನು ಕಲಿಸಿದವರು ಪಕ್ಕದ ಮನೆಯ ಗ್ಯಾರೇಜ್ ಮೆಕ್ಯಾನಿಕ್ ರಫೀಕ್. ಮಧ್ಯಾಹ್ನ ಹನ್ನಾಬಾಯಿ, ನಾನು ಹಣ್ಣು ತರಲು ಪೇಟೆಗೆ ಹೋದೆವು. ಮರಳಿದಾಗ ಹಂದರ ಎದ್ದು ನಿಂತಿತ್ತು. ಮೇಲೆ ನೀಲಿ ತಾಡಪಾಲ.

“ಮುಗೀತ್ರಿ ಅಕ್ಕಾ! ಒಂದ್ ಹನಿ ಬೀಳಂಗಿಲ್ಲ.”

“ಅಯ್ಯ ದೇವಾ! ರಫೀಕ್, ಇದೇನ ಮಾಡಿದಿ?”

“ಸುಕ್ಕಾ ಬೇಕು, ಸುಕ್ಕಾ ಬೇಕು ಅಂತ ವಾರಗಟ್ಟಲೆ ನೀವ ಅಂದ್ರೆಲ್ರಿ. ಮೋಡ ಆಗೇತಿ, ಅದಕ್ಕ ಕಟ್ಟಿಬಿಟ್ಟೆ.”

ಹಬ್ಬದ ಹಂದರಕ್ಕೆ ಹೀಬ್ರೂವಿನಲ್ಲಿ ಸುಕ್ಕಾ ಎನ್ನುತ್ತಾರೆ. ರಫೀಕರ ಮನೆಯ ಉರ್ದುವಿನಲ್ಲಿ ಸುಕ್ಕಾ ಎಂದರೆ ಒಣಗಿದ್ದು.

ಹನ್ನಾಬಾಯಿ ನಕ್ಕು ನಕ್ಕು ಕಟ್ಟೆಯ ಮೇಲೆ ಕುಳಿತರು. ಆಮೇಲೆ ಪಡುವಣ ನೋಡಿ ಎದ್ದರು. “ತಾಡಪಾಲ ತಗಿ. ಗಂಟೂ ಬಿಚ್ಚು, ನಾ ಕಟ್ಟತೇನಿ.”

“ಸೋರೂ ಮಾಡು ಯಾವನ್ ಕಟ್ಟಿದಾ ಅಂತ ಓಣ್ಯಾಗ ಕೇಳಿದ್ರ?”

“ಹನ್ನಾ ಕಟ್ಟ್ಯಾಳ ಅನ್ನು.”

ರಫೀಕ್ ಸ್ಟೂಲ್ ಹಿಡಿದರು. ಮೊದಲ ಗಂಟು ಜಾರಿತು. ಅವರು ಕೈ ಚಾಚಿದರು. ಹನ್ನಾಬಾಯಿ ಗರಿಯಿಂದ ಆ ಕೈಗೆ ಒಂದು ಬಿಟ್ಟರು.

“ಮಾಸ್ತರಬಾಯಿ ಹೊಡೀತಾರ ನೋಡ್ರಿ!” ಎಂದು ರಫೀಕ್ ನನ್ನ ಕಡೆ ತಿರುಗಿದರು.

ಕೊನೆಯ ಗಂಟು ಬಿಗಿದಾಗ ಊರಿನ ಕಾಗದದ ಗಿರಣಿಯ ಕಡೆ ಸೂರ್ಯ ಇನ್ನೂ ಮುಳುಗಿರಲಿಲ್ಲ. ಹನ್ನಾಬಾಯಿ ದೀಪ ಹಚ್ಚಿ, ಕೆಳಗೆ ಕುಳಿತು ಪ್ರಾರ್ಥನೆ ಹೇಳಿದರು. ಮೋಡ ಸರಿದು ಹುಣ್ಣಿಮೆ ಚಂದ್ರ ಗರಿಗಳ ಸಂದಿಯಿಂದ ಕಂಡ. ಅನ್ನ, ಮೀನಿನ ಸಾರು ಊಟ. ರಫೀಕ್ ಎರಡು ಸಲ ಮೇಲೆ ನೋಡಿದರು.

ಮರುದಿನ ಮರಳುವಾಗ ಹಳಿಯಾಳದಲ್ಲಿ ಮಳೆ ಜೋರಾಯಿತು. ಹಬ್ಬದ ದಿನ ಹನ್ನಾಬಾಯಿ ಫೋನ್ ಮುಟ್ಟುವುದಿಲ್ಲ. ರಫೀಕರಿಗೆ ಮಾಡಿದೆ.

“ಇಲ್ಲೂ ಹೊಡ್ಯಾಕತ್ತೈತ್ರಿ,” ಎಂದರು. “ಅಕ್ಕಾ ಕಟ್ಟಿದ್ದು ಒಂದ್ ಗಂಟೂ ಜಾರಿಲ್ಲ. ಛಲೋ ಸೋರಾಕತ್ತೈತಿ.”