ಹೋಲಿಕೆಯ ಗಿಡ

ಆ ದಿನಗಳಲ್ಲಿ ನಮ್ಮ ಬೀದಿಗೆ ಮೌನ ಬರುತ್ತಿದ್ದುದು ಕರೆಂಟ್ ಹೋದಾಗ ಮಾತ್ರ. ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ತೊಂಬತ್ತರ ದಶಕದ ಆರಂಭ ಅದು. ನಮ್ಮ ಮನೆಯ ಮುಂಭಾಗದಲ್ಲಿ ವಿದ್ಯುತ್ ಮಗ್ಗಗಳು, ಹಿಂಭಾಗದಲ್ಲಿ ನಾವು. ಬೆಳಿಗ್ಗೆ ಅಪ್ಪ ಮೋಟಾರಿನ ಸ್ವಿಚ್ ಹಾಕಿದರೆ ಲಾಳಿಗಳು ಆ ಕೊನೆಗೂ ಈ ಕೊನೆಗೂ ಬಡಿಯತೊಡಗುತ್ತಿದ್ದವು. ಅಂಗಾಲಿನಡಿ ನೆಲ ನಡುಗುತ್ತಿತ್ತು. ಚೊಂಬಿನ ನೀರಿನಲ್ಲಿ ಸಣ್ಣ ಸಣ್ಣ ಉಂಗುರಗಳು ಏಳುತ್ತಿದ್ದವು. ಮನೆಯೆಲ್ಲ ಮಗ್ಗದ ಎಣ್ಣೆಯ ವಾಸನೆ, ನೂಲಿಗೆ ಹಾಕಿದ ಗಂಜಿಯ ಹುಳಿ ವಾಸನೆ. ಅದರ ನಡುವೆ ಎಲ್ಲೋ ಅಮ್ಮನ ಬೆಳ್ಳುಳ್ಳಿ ಒಗ್ಗರಣೆ.

ಅಂಥ ಸದ್ದಿನಲ್ಲಿ ಯಾರೂ ಕೂಗಿ ಮಾತಾಡುತ್ತಿರಲಿಲ್ಲ. ಕೂಗಿದರೂ ಪ್ರಯೋಜನವಿರಲಿಲ್ಲ. ಮೊದಲು ಎದುರಿನವರ ಭುಜ ಮುಟ್ಟಿ, ಅವರು ತಿರುಗಿದ ಮೇಲೆ ತುಟಿಯನ್ನು ಅಗಲವಾಗಿ ಆಡಿಸುವುದು, ಜೊತೆಗೆ ಕೈಯಲ್ಲಿ ಒಂದು ಸನ್ನೆ. ಎರಡು ಬೆರಳನ್ನು ಕತ್ತರಿಯಂತೆ ತೋರಿಸಿದರೆ ಎಳೆ ಕಡಿದಿದೆ ಎಂದು. ಹೆಬ್ಬೆರಳನ್ನು ಬಾಯಿಗೆ ತಂದರೆ ಕಾಫಿ. ಮಕ್ಕಳಾದ ನಮಗೆ ಅದೇ ಒಂದು ಆಟವೂ ಆಗಿತ್ತು. ಒಬ್ಬರು ಸದ್ದಿಲ್ಲದೆ ತುಟಿ ಆಡಿಸಬೇಕು, ಉಳಿದವರು ಮಾತೇನೆಂದು ಹೇಳಬೇಕು. ಬಾಯಾಟ ಎನ್ನುತ್ತಿದ್ದೆವು. ಅದರಲ್ಲಿ ನನ್ನ ಅಕ್ಕ ಶಾರದೆಯನ್ನು ಗೆದ್ದವರು ಬೀದಿಯಲ್ಲೇ ಇರಲಿಲ್ಲ. ಆದರೆ ಕಣ್ಣಿಗೆ ಬಟ್ಟೆ ಕಟ್ಟಿ ಆಡುವ ಆಟಗಳಲ್ಲಿ ಅವಳು ಯಾವಾಗಲೂ ಸೋಲುತ್ತಿದ್ದಳು. ಸುತ್ತ ನಿಂತು ಚಪ್ಪಾಳೆ ತಟ್ಟಿದರೂ ಗೋಡೆಯ ಕಡೆಗೇ ಹೋಗುತ್ತಿದ್ದಳು. ನಾವು ನಗುತ್ತಿದ್ದೆವು, ಅವಳೂ ನಗುತ್ತಿದ್ದಳು.

ಆ ವರ್ಷ ಅಕ್ಕ ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನ ಒಂದರಲ್ಲಿ ನಪಾಸಾದಳು. ಗಣಿತದಲ್ಲಿ ಒಳ್ಳೆಯ ಅಂಕವೇ ಬಂದಿತ್ತು. ಮೇಷ್ಟ್ರು ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು. ವಿಜ್ಞಾನದ ಮೇಷ್ಟ್ರು ಬೆಂಚುಗಳ ನಡುವೆ ಓಡಾಡುತ್ತ, ಕಿಟಕಿಯಾಚೆ ನೋಡುತ್ತ ನೋಟ್ಸ್ ಹೇಳಿ ಬರೆಸುತ್ತಿದ್ದರು. ಈ ವ್ಯತ್ಯಾಸ ಆಗ ಯಾರ ಕಣ್ಣಿಗೂ ಬೀಳಲಿಲ್ಲ. ಮನೆಯಲ್ಲಿ ಬಂದ ಮಾತು ಒಂದೇ, ಹುಡುಗಿ ದಡ್ಡಿ ಎಂದು. ಅಪ್ಪ ಬೈಯಲಿಲ್ಲ. ಮದುವೆಗಳ ಕಾಲ, ಸೀರೆಗೆ ಬೇಡಿಕೆ ಇತ್ತು, ಮಗ್ಗಕ್ಕೆ ಆಳು ಸಿಗುತ್ತಿರಲಿಲ್ಲ.

"ತಲೆಗೆ ಹತ್ತಲ್ಲ ಅಂದ್ರೆ ಬಿಡಮ್ಮ. ಕೈಗೆ ಹತ್ತುತ್ತಲ್ಲ, ಮಗ್ಗ ಹಿಡಿ" ಎಂದರು.

ಅಕ್ಕನಿಗೆ ಕಾಲೇಜಿಗೆ ಹೋಗಬೇಕೆಂಬ ಆಸೆ. ಎರಡು ದಿನ ಊಟ ಬಿಟ್ಟಳು. ಕೊನೆಗೆ ಅಪ್ಪ ಒಪ್ಪಿದರು. ದಸರೆಯ ಹೊತ್ತಿಗೆ ಮರುಪರೀಕ್ಷೆ ಇದೆ, ಅದೊಂದು ಸಲ ಕಟ್ಟಲಿ, ಆಗಲಿಲ್ಲವೆಂದರೆ ಮತ್ತೆ ಓದಿನ ಮಾತು ಎತ್ತಬಾರದು ಎಂದರು. ನಾನು ಆಗ ತಾನೇ ಹತ್ತನೇ ತರಗತಿಗೆ ಬಂದಿದ್ದೆ. ಅವಳಿಗೂ ನನಗೂ ಒಂದೇ ಪುಸ್ತಕ. ಹಾಗಾಗಿ ಅವಳಿಗೆ ಪಾಠ ಒಪ್ಪಿಸಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು.

ಊರಿನ ಬೇರೆ ಮಕ್ಕಳ ಓದು ಕರೆಂಟ್ ಹೋದರೆ ನಿಲ್ಲುತ್ತಿತ್ತು. ನಮ್ಮದು ಕರೆಂಟ್ ಹೋದ ಮೇಲೆ ಶುರುವಾಗುತ್ತಿತ್ತು. ನಾನು ಶಾಲೆಯಿಂದ ಬಂದ ಮೇಲೆ ಕರೆಂಟ್ ತೆಗೆದರೆ ಮಗ್ಗಗಳು ನಿಂತು, ಅಕ್ಕನ ಕೈ ಬಿಡುವಾಗುತ್ತಿತ್ತು. ಹಿತ್ತಲ ಬಾಗಿಲ ಹೊಸ್ತಿಲಲ್ಲಿ ಬೇಯಿಸಿದ ಹಸಿ ಕಡಲೆಕಾಯಿ ಇಟ್ಟುಕೊಂಡು ಎದುರುಬದುರು ಕೂರುತ್ತಿದ್ದೆವು. ಜೀವಕೋಶ, ದ್ಯುತಿಸಂಶ್ಲೇಷಣೆ, ರಕ್ತಪರಿಚಲನೆ. ಮೊದಲ ಪಾಠ ವೈಜ್ಞಾನಿಕ ವಿಧಾನ. ವೀಕ್ಷಣೆ, ಊಹೆ, ಪ್ರಯೋಗ, ತೀರ್ಮಾನ. ಪುಸ್ತಕದಲ್ಲಿ ಎರಡು ಗಿಡಗಳ ಚಿತ್ರವಿತ್ತು. ಒಂದನ್ನು ಕತ್ತಲೆಯಲ್ಲಿಟ್ಟು ಎಲೆ ಬಿಳಿಚಿಕೊಂಡಿತು ಎಂದರೆ ಸಾಲದು, ಬೆಳಕಿನಲ್ಲಿ ಇನ್ನೊಂದು ಗಿಡ ಹೋಲಿಕೆಗೆ ಇರಲೇಬೇಕು. ಅಕ್ಕನಿಗೆ ಈ ಪಾಠ ಇಷ್ಟವಾಗಿತ್ತು. ಎರಡೇ ದಿನದಲ್ಲಿ ಪೂರ್ತಿ ಒಪ್ಪಿಸಿದಳು. ದಡ್ಡಿಯರು ಹಾಗೆ ಒಪ್ಪಿಸುವುದಿಲ್ಲ ಎಂದು ನನಗೆ ಅನಿಸಿತ್ತು. ಅಷ್ಟೇ. ಅದರಾಚೆ ನಾನು ಯೋಚಿಸಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಇಬ್ಬರಿಗೂ ಬೆನ್ನು ನೋವು. ಅಕ್ಕ ಬೆಳಗಿನಿಂದ ನಿಂತೇ ಇದ್ದಳು. ಒಬ್ಬರ ಬೆನ್ನಿಗೆ ಒಬ್ಬರು ಒರಗಿ ಕೂತೆವು. ಅವಳ ಮುಖ ಹಿತ್ತಲ ನುಗ್ಗೆಮರದ ಕಡೆಗೆ, ನನ್ನದು ಒಳಮನೆಯ ಕಡೆಗೆ. ನಾನು ಹೃದಯದ ಪಾಠ ಓದತೊಡಗಿದೆ. ಹೃತ್ಕರ್ಣ ಎರಡು, ಹೃತ್ಕುಕ್ಷಿ ಎರಡು, ಅಪಧಮನಿ ರಕ್ತವನ್ನು ಹೃದಯದಿಂದ ಒಯ್ಯುತ್ತದೆ, ಅಭಿಧಮನಿ ಹೃದಯಕ್ಕೆ ತರುತ್ತದೆ. ಪುಟ ಮುಗಿಯಿತು. ಮಗುಚಿದೆ. ಇನ್ನೊಂದು ಪುಟವೂ ಮುಗಿಯಿತು. ನೀರು ಕುಡಿಯೋಣವೆಂದು ಪುಸ್ತಕ ಕೆಳಗಿಟ್ಟೆ. ನನ್ನ ಬೆನ್ನು ಅಲುಗಿದ್ದು ಅವಳಿಗೆ ತಿಳಿಯಿತೇನೋ, ತಿರುಗಿದಳು.

"ಯಾಕೆ, ಇನ್ನೂ ಶುರು ಮಾಡಿಲ್ವೇನೇ?" ಎಂದಳು.

ತಮಾಷೆ ಎಂದುಕೊಂಡೆ. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ. ಬಾಯಲ್ಲಿ ಕಡಲೆಕಾಯಿ ಅಗಿಯುತ್ತ, ನಾನು ಓದುವುದನ್ನೇ ಕಾಯುತ್ತಿದ್ದಳು. ಅವಳಿಗೆ ಮತ್ತೆ ನುಗ್ಗೆಮರದ ಕಡೆಗೆ ತಿರುಗಿ ಕೂರು ಎಂದೆ. ಹಿಂದಿನಿಂದ, ಸಾಧಾರಣ ದನಿಯಲ್ಲಿ, "ಅಕ್ಕ, ನಿನ್ನ ಜಡೆ ಮೇಲೆ ಜಿರಳೆ" ಎಂದೆ. ಜಿರಳೆ ಎಂದರೆ ಬೀದಿ ದಾಟಿ ಓಡುವವಳು ಅವಳು. ಕದಲಲಿಲ್ಲ. ಇನ್ನೊಮ್ಮೆ ಹೇಳಿದೆ. ನುಗ್ಗೆಯ ಒಂದು ಎಲೆ ಅವಳ ಮಡಿಲಿಗೆ ಬಿತ್ತು, ಅದನ್ನು ತೆಗೆದು ಹಾಕಿದಳು.

ಎದುರಿಗೆ ಬಂದು ಕೂತು ನಡೆದದ್ದನ್ನು ಹೇಳಿದೆ. ಅವಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

"ಮುಖ ನೋಡ್ದೆ ಹೆಂಗೆ ಕೇಳಿಸುತ್ತೆ? ಎಲ್ರಿಗೂ ಹಂಗೇ ಅಲ್ವಾ?" ಎಂದಳು.

ಈ ಮಾತನ್ನು ನಾನು ಇಷ್ಟು ವರ್ಷ ಹೊತ್ತು ತಿರುಗಿದ್ದೇನೆ. ಚಿಕ್ಕಂದಿನಲ್ಲಿ ಅವಳ ಕಿವಿ ಸೋರುತ್ತಿತ್ತು. ಅಮ್ಮ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುತ್ತಿದ್ದಳು. ಆಮೇಲೆ ವರ್ಷಗಟ್ಟಲೆ ಮಗ್ಗದ ಸದ್ದು. ಬೇರೆ ಯಾವ ಮನೆಯಲ್ಲಾದರೂ ಒಂದು ವಾರದಲ್ಲಿ ಗೊತ್ತಾಗುತ್ತಿತ್ತು. ನಮ್ಮ ಮನೆಯಲ್ಲಿ ಎಲ್ಲರೂ ಭುಜ ಮುಟ್ಟಿ, ಮುಖ ನೋಡಿ, ತುಟಿ ಆಡಿಸಿ ಮಾತಾಡುತ್ತಿದ್ದೆವಲ್ಲ. ಕೇಳುವುದೆಂದರೆ ಅದೇ ಎಂದು ಅವಳು ತಿಳಿದಿದ್ದಳು. ಶಾಲೆಯಲ್ಲಿ ಉಳಿದವರು ನೋಟ್ಸ್ ಬರೆದುಕೊಳ್ಳುವುದನ್ನು ಕಂಡು, ಅವರಿಗೆ ಪಾಠ ಮೊದಲೇ ಬಾಯಿಪಾಠ ಆಗಿರುತ್ತದೆ, ತನಗೆ ಆಗಿಲ್ಲ, ಅದಕ್ಕೇ ತಾನು ದಡ್ಡಿ ಎಂದುಕೊಂಡಿದ್ದಳಂತೆ.

ಅವಳೇ ಪುಸ್ತಕ ಎತ್ತಿ, ಎರಡು ಗಿಡಗಳ ಚಿತ್ರದ ಮೇಲೆ ಬೆರಳಿಟ್ಟಳು.

"ನನ್ನೊಬ್ಬಳನ್ನ ನೋಡಿ ತೀರ್ಮಾನ ಮಾಡ್ಬೇಡ ಕಣೆ. ಹೋಲಿಕೆಗೆ ಇನ್ನೊಬ್ರು ಬೇಕು. ಅಪ್ಪನ್ನ ಕರಿ."

ಇಬ್ಬರೂ ಮಗ್ಗದ ಕೋಣೆಗೆ ಹೋದೆವು. ಅಪ್ಪ ನಿಂತ ಮಗ್ಗದ ಮುಂದೆ ನಮಗೆ ಬೆನ್ನು ಹಾಕಿ, ಕಡಿದ ಎಳೆಗಳಿಗೆ ಗಂಟು ಹಾಕುತ್ತಿದ್ದರು. ನಾನು ಅಕ್ಕನಿಂದ ಎಷ್ಟು ದೂರ ಇದ್ದೆನೋ ಅಷ್ಟೇ ದೂರದಲ್ಲಿ ನಿಂತೆ. ಅದೇ ದನಿಯಲ್ಲಿ "ಅಪ್ಪ" ಎಂದೆ. ಅವರ ಬೆರಳು ಎಳೆಯಿಂದ ಎಳೆಗೆ ಹೋಗುತ್ತಲೇ ಇತ್ತು. ಸ್ವಲ್ಪ ಜೋರಾಗಿ ಕರೆದೆ. ಇನ್ನೂ ಜೋರಾಗಿ. ಬೀದಿಯಲ್ಲಿ ಹೋಗುತ್ತಿದ್ದ ಸೊಪ್ಪಿನವಳು ಬಾಗಿಲಲ್ಲಿ ಇಣುಕಿ ಹೋದಳು. ಅಪ್ಪ ತಿರುಗಲಿಲ್ಲ.

ಅಕ್ಕನ ಮುಖ ಅರಳಿತು. ನೋಡಿದ್ಯಾ, ನಾನು ಹೇಳಿದ್ದು ಸರಿ ಎಂಬಂತೆ ಹುಬ್ಬು ಹಾರಿಸಿದಳು. ಅಷ್ಟು ನಿರಾಳವಾಗಿ ಅವಳು ನಕ್ಕದ್ದನ್ನು ನಪಾಸಾದ ಮೇಲೆ ನಾನು ಕಂಡಿರಲಿಲ್ಲ.

ಆಗ ಒಳಗಿನಿಂದ, ಎರಡು ಗೋಡೆಗಳಾಚೆಯ ಒಲೆಯ ಮುಂದಿನಿಂದ, ಅಮ್ಮನ ದನಿ ಬಂತು. "ಯಾಕೇ ಗೀತ, ಅವಾಗಿಂದ ಅಪ್ಪನ್ನ ಕರೀತಾ ಇದೀಯ?"

ನಾನು ಅಡಿಗೆಮನೆಯ ಕಡೆ ತಿರುಗಿದೆ. ತಿರುಗಬಾರದಿತ್ತು, ಆದರೆ ಕರೆದ ಕಡೆಗೆ ಕತ್ತು ತಾನೇ ತಿರುಗುತ್ತದೆ. ಅಕ್ಕ ನನ್ನ ಮುಖ ನೋಡಿದಳು, ನಾನು ನೋಡುತ್ತಿದ್ದ ಗೋಡೆಯನ್ನು ನೋಡಿದಳು. ಅಮ್ಮ ಮಗ್ಗದ ಕೋಣೆಗೆ ಬರುತ್ತಿದ್ದುದೇ ಅಪರೂಪ. ಹಿತ್ತಲಲ್ಲಿ ಕೂತು ಲಾಳಿಗೆ ನೂಲು ಸುತ್ತಿಕೊಡುತ್ತಿದ್ದಳು. ಬೆಳಕಿನಲ್ಲಿದ್ದ ಗಿಡ ಅವಳು. ಅಕ್ಕನ ನಗು ಒಂದೊಂದೇ ಎಳೆಯಾಗಿ ಬಿಟ್ಟುಹೋಯಿತು. ಪುಸ್ತಕ ಮುಚ್ಚಿದಳು.

ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಸೌಟು ಹಿಡಿದೇ ಕೇಳಿಸಿಕೊಂಡಳು. "ನಿಮ್ಮಪ್ಪಂದು ನಂಗೆ ಗೊತ್ತು. ಮಗ್ಗದವರ ಕಿವಿ ಹಂಗೇ, ಆ ವಯಸ್ಸಿಗೆ ಹೋಗುತ್ತೆ. ಇವಳದು ಗೊತ್ತಿರಲಿಲ್ಲ" ಎಂದಳು. ಆಮೇಲೆ ಅಕ್ಕನಿಗೆ ತುಟಿ ಕಾಣದಂತೆ ಮುಖ ತಿರುಗಿಸಿಕೊಂಡು, "ಆಚೆ ಯಾರ ಹತ್ರಾನೂ ಆಡ್ಬೇಡ. ಹೆಣ್ಣು ಮಗು" ಎಂದಳು. ಅಮ್ಮ ಅಷ್ಟು ಬೇಗ ತುಟಿ ಮರೆಸುವುದನ್ನು ಕಲಿತುಬಿಟ್ಟದ್ದು ನನಗೆ ಈಗಲೂ ಆಶ್ಚರ್ಯ.

ಕಿವಿನೋವು ಎಂಬ ನೆವ ಹೇಳಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ದೀಪ ಹಿಡಿದು ನೋಡಿ, ಒಂದು ಕಿವಿಯ ತಮಟೆ ತೂತಾಗಿದೆ, ಎರಡೂ ಕಿವಿಯ ಒಳಗಿನ ನರ ಸೋತಿದೆ, ಇನ್ನು ಮುಂದಾದರೂ ಸದ್ದಿನಿಂದ ದೂರ ಇಡಿ ಎಂದರು. ಅಮ್ಮ ಹೂಂ ಎಂದಳು. ನಮ್ಮ ಬೀದಿಯಲ್ಲಿ ಸದ್ದಿನಿಂದ ದೂರ ಎಂಬ ಜಾಗ ಯಾವುದು ಎಂದು ಅವರನ್ನು ಯಾರೂ ಕೇಳಲಿಲ್ಲ. ಮನೆಗೆ ಬಂದಾಗ ಮಗ್ಗ ಓಡುತ್ತಿತ್ತು. ಅಕ್ಕ ಸೀರೆಯ ಸೆರಗು ಸಿಕ್ಕಿಸಿಕೊಂಡು ತನ್ನ ಜಾಗದಲ್ಲಿ ನಿಂತಳು.

ಆಮೇಲಿನ ವಾರಗಳಲ್ಲಿ ನಾವು ಇಡೀ ಜೀವಶಾಸ್ತ್ರವನ್ನು ಮುಖಕ್ಕೆ ಮುಖ ಕೊಟ್ಟು ಓದಿದೆವು. ಕರೆಂಟ್ ಹೋಗುವುದನ್ನೂ ಕಾಯಲಿಲ್ಲ, ಓಡುವ ಮಗ್ಗದ ಪಕ್ಕದಲ್ಲೇ ಓದಿದೆವು. ಅಪಧಮನಿ, ಅಭಿಧಮನಿ ತುಟಿಯಲ್ಲಿ ಒಂದೇ ಥರ ಕಾಣುತ್ತವೆ. ಅದಕ್ಕೆ ಎದೆಯಿಂದ ಕೈಯನ್ನು ಹೊರಗೆ ಚಾಚಿದರೆ ಒಂದು, ಒಳಗೆ ತಂದರೆ ಇನ್ನೊಂದು ಎಂದು ಸನ್ನೆ ಮಾಡಿಕೊಂಡೆವು. ಕಿವಿಯ ಪಾಠವನ್ನು ಮಾತ್ರ ಅವಳು ತಾನೇ ಓದಿಕೊಂಡಳು. ಸುತ್ತಿಗೆ, ಅಡಿಗಲ್ಲು, ರಿಕಾಪು. ಆ ಮೂರು ಮೂಳೆಗಳ ಚಿತ್ರ ಬರೆದು, ಅಂದವಾಗಿ ಹೆಸರು ಗುರುತಿಸಿ, ನನಗೆ ತೋರಿಸದೆ ಮಡಚಿಟ್ಟಳು.

ಪಾಸಾದಳು. ವಿಜ್ಞಾನದಲ್ಲಿ ಅವಳಿಗೆ ಬಂದಷ್ಟು ಅಂಕ ಮುಂದಿನ ವರ್ಷ ನನಗೂ ಬರಲಿಲ್ಲ. ಅಪ್ಪ ಮಾತು ಉಳಿಸಿಕೊಂಡರು, ಜೂನ್‌ನಲ್ಲಿ ಕಾಲೇಜಿಗೆ ಸೇರಿಸಿದರು. ಗೌರಿಹಬ್ಬದವರೆಗೆ ಹೋದಳು. ಒಂದು ಬೆಳಿಗ್ಗೆ ಜಡೆ ಹೆಣೆದುಕೊಂಡವಳು ಬಸ್ಸಿಗೆ ಹೋಗದೆ ಮಗ್ಗದ ಹತ್ತಿರ ಹೋದಳು. ನಾನು ಭುಜ ಮುಟ್ಟಿ ಯಾಕೆಂದು ಕೇಳಿದೆ.

"ಅಲ್ಲಿ ಎಲ್ರೂ ಗೋಡೆ ಜೊತೆ ಮಾತಾಡ್ತಾರೆ ಕಣೆ. ಸಾಕಾಯ್ತು. ಇಲ್ಲಾದ್ರೆ ನಾನೂ ಎಲ್ರ ಥರಾನೇ" ಎಂದಳು.

ಸದ್ದಿನಲ್ಲಿ ಅವಳ ದನಿ ನನಗೆ ಕೇಳಿಸಲಿಲ್ಲ. ತುಟಿಯಲ್ಲಿ ಓದಿಕೊಂಡೆ.

ಅಪ್ಪ ಈಗಿಲ್ಲ. ಅವರ ಕಿವಿಯ ವಿಷಯವನ್ನು ಅವರಿಗೆ ಯಾರೂ ಹೇಳಲಿಲ್ಲ. ಮಗ್ಗಗಳನ್ನು ಮಾರಿ ವರ್ಷಗಳಾದವು. ಬೀದಿಯಲ್ಲಿ ಈಗ ಬಾಡಿಗೆ ಮನೆಗಳು, ಎಲ್ಲೋ ಒಂದೆರಡು ಕಡೆ ಮಾತ್ರ ಲಾಳಿಯ ಸದ್ದು. ಬೀದಿ ಶಾಂತವಾಯಿತು ಎಂದು ಜನ ಸಂತೋಷಪಡುತ್ತಾರೆ. ಆ ಶಾಂತಿಯಲ್ಲಿ ನನ್ನ ಅಕ್ಕ ಕಿವುಡಿಯಾದಳು. ಸದ್ದು ಇದ್ದಷ್ಟು ದಿನ ಅವಳನ್ನು ಯಾರೂ ಹಾಗೆ ಕರೆದಿರಲಿಲ್ಲ. ಈಗ ಮನೆಗೆ ಬಂದವರು ಅವಳ ಬೆನ್ನಿಗೆ ಮಾತಾಡಿ, ಉತ್ತರ ಬರದಿದ್ದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಹಿಂದೆ ಕರೆಂಟ್ ಹೋದದ್ದು ನಮ್ಮೆಲ್ಲರಿಗಿಂತ ಮೊದಲು ತಿಳಿಯುತ್ತಿದ್ದುದು ಅವಳಿಗೇ. ಹಿತ್ತಲಲ್ಲಿದ್ದರೂ ಅಂಗಾಲಿನಲ್ಲೇ ಗೊತ್ತಾಗುತ್ತಿತ್ತು, ನೆಲದ ನಡುಕ ನಿಂತಿತು ಎಂದು. ಹೋದ ಸಲ ಊರಿಗೆ ಹೋದಾಗ ಇಬ್ಬರೂ ಅದೇ ಹೊಸ್ತಿಲಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದೆವು. ಅವಳು ಚಪ್ಪಲಿ ಬಿಟ್ಟು ನೆಲದ ಮೇಲೆ ಪಾದವೂರಿ ಸ್ವಲ್ಪ ಹೊತ್ತು ಹಾಗೇ ಇದ್ದಳು. ಆಮೇಲೆ ನನ್ನ ಕಡೆ ತಿರುಗಿ, "ಕರೆಂಟ್ ಹೋಯ್ತಾ?" ಎಂದು ಕೇಳಿದಳು.

ನಾನು ಪೂರ್ತಿಯಾಗಿ ಅವಳ ಎದುರಿಗೆ ತಿರುಗಿ ಕೂತೆ. ಇಲ್ಲಕ್ಕ, ಇದೆ ಎಂದು ನಿಧಾನವಾಗಿ ತುಟಿ ಆಡಿಸಿದೆ.