ಸೆರಗು ನೋಡಿ ಎಣಿಸಿದ ಚಿಟ್ಟಿ

ರೆಕ್ಕಿಗೆ ಬಾಲ ಇರೋ ಚಿಟ್ಟಿ ಎಣಿಸೋ ಕೆಲಸದ ಮ್ಯಾಲೆ ಇಳಕಲ್ ಹತ್ರದ ಗುಡೂರಿಗೆ ಹೋಗಿದ್ದೆ. ಮೊಬೈಲಿನಾಗ ಫೋಟೋ ಹೊಡಿಯೋ ಕಾಲ ಅಲ್ಲದು. ಮೂರು ದಿನ ಬಿಸಿಲಾಗ ತಿರುಗಿ, ಕರೀ ರೆಕ್ಕಿ ಮ್ಯಾಲೆ ಕೆಂಪು ಚುಕ್ಕಿ ಕಂಡಲ್ಲೆಲ್ಲ 'ಕಾಮನ್ ರೋಸ್' ಜಾತಿ ಚಿಟ್ಟಿ ಅಂತ ಬರಕೊಂಡೆ. ನಾಲ್ಕನೇ ದಿನ ಒಬ್ಬ ನೇಕಾರನ ಹಿತ್ತಲದಾಗ ಅಂಥಾದ್ದೇ ಒಂದು ಚಿಟ್ಟಿ ಕರಿಬೇವಿಗೆ ತತ್ತಿ ಇಡಾಕ ಹತ್ತಿತ್ತು. ರೋಸ್ ತತ್ತಿ ಇಡೋದು ಈಶ್ವರಿ ಬಳ್ಳಿಗೆ ಅಂತ ನನ್ನ ಪುಸ್ತಕದಾಗ ಐತಿ. "ಈ ಚಿಟ್ಟಿಗೆ ತಲಿ ಕೆಟ್ಟೈತಿ!" ಅಂತ ಸಿಟ್ಟೀಲೆ ಒದರಿದೆ.

ಮಗ್ಗ ಬಿಟ್ಟು ಎದ್ದು ಬಂದ ನೇಕಾರ ಪುಸ್ತಕದ ಚಿತ್ರ ನೋಡಿದ, ಚಿಟ್ಟಿ ನೋಡಿದ.

"ಇದು ಅದಲ್ರೀ. ಚಿತ್ರದಾಗಿಂದಕ್ಕ ಮೈನೂ ಕೆಂಪೈತಿ. ಇದರದು ರೆಕ್ಕಿ ಸೆರಗಷ್ಟ ಕೆಂಪು, ಮೈ ಪೂರಾ ಕರಿ. ನಕಲಿ ಸೀರಿ ಮಾಡಾವ್ರೂ ಹಿಂಗ, ಸೆರಗಷ್ಟ ಛಲೋ ಮಾಡ್ತಾರ. ಮೈ ಯಾರು ನೋಡ್ತಾರ್ರಿ?"

ಖರೆ. ಅದು ಹಕ್ಕಿ ತಿನ್ನಬಾರದಂತ ವಿಷದ ರೋಸ್‌ನ ವೇಷ ಹಾಕಿದ, ಕಾಮನ್ ಮಾರ್ಮನ್ ಅನ್ನೋ ಬ್ಯಾರೆ ಜಾತಿ ಹೆಣ್ಣು ಚಿಟ್ಟಿ. ಅದಕ್ಕ ತತ್ತಿ ಇಡಾಕ ಕರಿಬೇವ ಬೇಕು. ನನ್ನ ಮೂರು ದಿನ ನೀರಾಗ ಹೋತು.

ಸಿಟ್ಟಿನಾಗ ಪುಸ್ತಕ ಚೀಲಕ್ಕ ತುರುಕುವಾಗ, ಮುಂಜಾನೆ ಇಳಕಲ್ಲಿನಾಗ ಹೆಂಡತಿಗೆ ತಗೊಂಡಿದ್ದ ಸೀರಿ ಹೊರಗ ಬಿತ್ತು. ನೇಕಾರ ಅದನ್ನ ಎತ್ತಿ, ಸೆರಗು ಬಿಟ್ಟು ಮೈ ಬಟ್ಟಿ ತಿಕ್ಕಿ ನೋಡಿ, ಮೆಲ್ಲಕ ಕೇಳಿದ:

"ಇದನ್ನೂ ಸೆರಗು ನೋಡೇ ತಗೊಂಡ್ರೇನ್ರಿ?"

ಚಿಟ್ಟಿ ಅಂತೂ ಮತ್ತ ಎಣಿಸಿದೆ. ಸೀರಿ ಮಾತು ಹೆಂಡತಿಗೆ ಇವತ್ತಿಗೂ ಹೇಳಿಲ್ಲ.