ವನಜಳ ಹನ್ನೆರಡು ಮನೆಗಳು

ಯಡ್ತರೆಯಲ್ಲಿ ಮನೆಮನೆಗೆ ಮೀನು ಮಾರುವ ಹೆಂಗಸರ ನಡುವೆ ಒಂದು ಕಟ್ಟುಪಾಡಿತ್ತು: ಒಬ್ಬಳ ಮನೆಗಳಲ್ಲಿ ಇನ್ನೊಬ್ಬಳು ಬುಟ್ಟಿ ಇಳಿಸಬಾರದು. ಇಪ್ಪತ್ತು ವರ್ಷಗಳಿಂದ ಹನ್ನೆರಡು ಮನೆಗಳು ವನಜಳವು. ಗಂಡ ತೀರಿಕೊಂಡ ಶ್ರೀಲತಾಳಿಗೆ ಕಿವಿರು ನೋಡಿ ಮೀನು ಆರಿಸುವುದನ್ನು ಕಲಿಸಿದವಳೂ ಅವಳೇ.

ಕಾಲು ಮುರಿದು ವನಜ ಎರಡು ತಿಂಗಳು ಮಲಗಿದಳು. ಎದ್ದು ಬುಟ್ಟಿ ಹೊತ್ತು ಬಂದ ದಿನ, ಮೊದಲ ಮನೆಯ ಜಗಲಿಯಲ್ಲೇ ಶ್ರೀಲತಾ ಮೀನಿನ ಬುಟ್ಟಿ ಇಳಿಸಿ ಕುಳಿತಿದ್ದಳು.

"ಎಂತ ವನಜ, ನೀನಿನ್ ಬತ್ತಿಲ್ಲೆ ಅಂದ್ಳಲೆ ಇವ್ಳ್!" ಎಂದರು ಮನೆಯೊಡತಿ ಸ್ನೇಹಲತಾ ಶೆಡ್ತಿ.

ಶ್ರೀಲತಾ ತಲೆ ಎತ್ತಲಿಲ್ಲ.

ಶೆಡ್ತಿ ಅವಳ ಬುಟ್ಟಿಯಿಂದ ಒಂದು ಬಂಗುಡೆ ಎತ್ತಿ ವನಜಳತ್ತ ಚಾಚಿದರು. "ನೀನೇ ಹೇಳ್ ಮಾರಾಯ್ತಿ, ಇದ್ ಇವತ್ತಿಂದಾ, ಐಸಿಂದಾ?"

ಐಸಿನಲ್ಲಿಟ್ಟ ಹಳೆಯದು ಎಂದರೆ ಸಾಕಿತ್ತು, ಈ ಮನೆ ಮರಳಿ ಅವಳದಾಗುತ್ತಿತ್ತು. ವನಜ ತನ್ನ ಬುಟ್ಟಿ ಕೆಳಗಿಟ್ಟು ಕಿವಿರು ಬಿಡಿಸಿದಳು. ತಾನು ಕಲಿಸಿದಂತೆಯೇ ಆರಿಸಿದ ಮೀನು, ಒಳಗೆ ಕೆಂಪಗಿತ್ತು. ಮೀನಿನ ವಿಷಯದಲ್ಲಿ ಸುಳ್ಳಾಡಲು ತನ್ನ ನಾಲಿಗೆ ಏಳುವುದಿಲ್ಲವೆಂದು ಅವಳಿಗೆ ತಿಳಿದದ್ದು ಆಗಲೇ.

"ಇವತ್ತಿಂದೇ ಅಮ್ಮ, ತಕಣಿ."

ಶ್ರೀಲತಾ ಈಗ ಮುಖವೆತ್ತಿ, "ಅಕ್ಕಾ..." ಎಂದಳು.

"ಮೀನ್ ಒಳ್ಳೇದಿತ್ತ್ ಅಂದೆ, ಅಷ್ಟೇ. ನನ್ನ್ ಅಕ್ಕ ಅಂದ್ ಕರಿಬೇಡ," ಎಂದು ವನಜ ಬುಟ್ಟಿ ತಲೆಗೇರಿಸಿ, ಕುಂಟುತ್ತಾ ಗೇಟು ದಾಟಿದಳು.